ಏನಾಯ್ತು ಎಂದು ಕೇಳಿದವಳು

ನಮ್ಮೂರಲ್ಲಿ ಯಾರೂ ಯಾರನ್ನೂ ‘ಏನಾಯ್ತು’ ಎಂದು ಕೇಳುವುದಿಲ್ಲ. ಕೇಳಬಾರದು. ಕೇಳಿದರೆ, ನಿನ್ನ ಮುಖ ನೋಡಿ ತಿಳಿದುಕೊಳ್ಳುವಷ್ಟು ಕರುಳು ನನಗಿಲ್ಲ ಎಂದು ಒಪ್ಪಿಕೊಂಡ ಹಾಗೆ. ನೋವನ್ನು ಬಾಯಿಬಿಟ್ಟು ಹೇಳಲೂಬಾರದು. ಹೇಳಿದರೆ, ಎದುರಿಗಿದ್ದವರನ್ನು ಕುರುಡರು ಎಂದು ಬೈದ ಹಾಗೆ. ಊರು ಹುಟ್ಟಿದಂದಿನಿಂದ ಇದು ನಡೆದು ಬಂದಿದೆಯಂತೆ. ಊರು ಯಾವಾಗ ಹುಟ್ಟಿತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಕೇಳುವ ಬದಲು ನಾವು ಬಟ್ಟಲು ಇಡುತ್ತೇವೆ. ದುಃಖಕ್ಕೆ ನೀರು, ಸಿಟ್ಟಿಗೆ ಉಪ್ಪು, ಭಯಕ್ಕೆ ನೂಲು, ನಾಚಿಕೆಗೆ ಎಲೆ. ಒಬ್ಬರ ಮುಖ ಬದಲಾಗಿದೆ ಎಂದು ಕಂಡ ಕೂಡಲೇ ಅಕ್ಕಪಕ್ಕದವರು ತಮ್ಮ ಮನೆಗೆ ಹೋಗಿ, ತಕ್ಕದ್ದನ್ನು ಬಟ್ಟಲಿಗೆ ಹಾಕಿಕೊಂಡು ಬಂದು, ಅವರ ಮುಂದಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಇಟ್ಟದ್ದು ಸರಿಯಾಗಿದ್ದರೆ ಆ ಮನೆಯವರು ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ತಪ್ಪಾಗಿದ್ದರೆ ಬೋರಲು ಹಾಕುತ್ತಾರೆ. ಮೂರು ಸಲ ಬಟ್ಟಲು ಬೋರಲಾದವರಿಗೆ ಕಲ್ಲೆದೆಯವರು ಎಂದು ಹೆಸರು. ಅವರಿಗೆ ಊರಿನಲ್ಲಿ ಜಾಗವಿಲ್ಲ. ತಮಟೆ ಬಡಿದುಕೊಂಡು ಹೋಗಿ, ಅವರನ್ನು ಎಲ್ಲೆಗಲ್ಲಿನ ಆಚೆ ಬಿಟ್ಟು, ಅವರ ಬೆನ್ನಿಗೆ ಒಂದೊಂದು ಹಿಡಿ ಉಪ್ಪು ಎಸೆದು, ಕೈ ತೊಳೆದುಕೊಂಡು ಬಂದು ಊಟ ಮಾಡುತ್ತಾರೆ.

ಆ ಬಟ್ಟಲುಗಳನ್ನೆಲ್ಲ ಮಾಡುತ್ತಿದ್ದವಳು ನಾನು. ಮಣ್ಣಿನ ಗುಂಡಿಯಿಂದ ಮಣ್ಣು ತಂದು, ತುಳಿದು, ತಿಗರಿಯ ಮೇಲೆ ತಿರುಗಿಸಿ, ಆವೆಯಲ್ಲಿ ಸುಟ್ಟು, ಮನೆಮನೆಗೂ ಕೊಟ್ಟವಳು. ಹಗ್ಗ ಹೊಸೆಯುವವಳ ಮೂರನೆಯ ಬಟ್ಟಲನ್ನು ಬೋರಲು ಹಾಕಿದವಳೂ ನಾನೇ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ನನ್ನನ್ನು ಕಂಡು ಮರುಗಬೇಡಿ, ನನಗೆ ಅದು ಬೇಕಿಲ್ಲ.

ಹಗ್ಗ ಹೊಸೆಯುವವಳ ಮನೆ ಊರ ಕೊನೆಯಲ್ಲಿ ಕತ್ತಾಳೆ ಬೇಲಿಗೆ ತಾಗಿಕೊಂಡಿತ್ತು. ಊರಿನ ಸುತ್ತ ಆಳೆತ್ತರದ ಕತ್ತಾಳೆ ಬೇಲಿ. ಒಳಗಿನವರಿಗೆ ಹೊರಗಿನದು ಕಾಣುವುದಿಲ್ಲ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಅವಳು ಆ ಕತ್ತಾಳೆಯ ಪಟ್ಟೆ ಕೊಯ್ದು, ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆಯುತ್ತಿದ್ದಳು. ಬಾವಿಯ ಹಗ್ಗ, ಎತ್ತಿನ ಹಗ್ಗ, ತೊಟ್ಟಿಲಿನ ಹಗ್ಗ, ಚಟ್ಟಕ್ಕೆ ಬಿಗಿಯುವ ಹಗ್ಗ, ಎಲ್ಲ ಅವಳ ಕೈಯದೇ. ಒಂದು ಮಾರು ಹಗ್ಗಕ್ಕೆ ಇಷ್ಟು ಸುತ್ತು ಎಂದರೆ ಇಷ್ಟೇ ಸುತ್ತು. ಒಂದು ಸುತ್ತು ತಪ್ಪಿದರೂ ಬಿಚ್ಚಿ ಮತ್ತೆ ಮೊದಲಿನಿಂದ ಹೊಸೆಯುವಳು. ಅವಳ ಹಗ್ಗ ಕಿತ್ತುಹೋಗಿ ಕೊಡ ಬಾವಿಗೆ ಬಿದ್ದದ್ದನ್ನು ನಾನು ಕೇಳಿಲ್ಲ.

ಆದರೆ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾತಾಡಿಸಿದರೆ ನಿಮ್ಮ ಮೊಣಕೈ ನೋಡುತ್ತಿದ್ದಳು, ಇಲ್ಲವೇ ಸೆರಗಿನ ಅಂಚು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುವಳು. ಮದುವೆ ಮನೆಯಲ್ಲಿ ಯಾವ ಮುಖವೋ ಸಾವಿನ ಮನೆಯಲ್ಲೂ ಅದೇ ಮುಖ. ನಾವು ಎಷ್ಟು ನೋಡಿದರೂ ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣದಿರುವುದು ನಮ್ಮ ಕಣ್ಣಿನ ತಪ್ಪಿರಬಹುದು ಎಂದು ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಚೆನ್ನಾಗಿ ಮುಖ ನೋಡುವ ಊರು ನಮ್ಮದು.

ಅವಳ ತಾಯಿ ಸತ್ತ ದಿನ ಅವಳು ಬೆಳಗಿನಿಂದ ಬೈಗಿನವರೆಗೆ ಹಗ್ಗ ಹೊಸೆಯುತ್ತ ಕೂತಿದ್ದಳು. ಹೆಣ ಎತ್ತುವಾಗ ಒಮ್ಮೆ ಎದ್ದು ನಿಂತು ಮತ್ತೆ ಕೂತಳು. ಬಟ್ಟಲು ಹಿಡಿದುಕೊಂಡು ಹೋಗಿದ್ದ ನಾವೆಲ್ಲ ಅವಳ ಮುಖ ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡು, ನೀರನ್ನು ಅಲ್ಲೇ ಗಿಡದ ಬುಡಕ್ಕೆ ಸುರಿದು ಹಿಂದಿರುಗಿದೆವು. ಅವಳ ಮುಂದೆ ಒಂದು ಬಟ್ಟಲೂ ಕೂರಲಿಲ್ಲ. ಆ ದಿನ ಹೊಸೆದ ಹಗ್ಗವನ್ನು ಆಮೇಲೆ ಬಾವಿಗೆ ಹಾಕಿದರೆ ಅದು ರಾಟೆಯ ಮೇಲೆ ಬಾಗಲೇ ಇಲ್ಲ. ಕಬ್ಬಿಣದ ಸಲಾಕೆಯಂತೆ ನೆಟ್ಟಗೆ ನಿಂತಿತು. ಇರಬೇಕಾದ್ದಕ್ಕಿಂತ ಮೂರು ಪಟ್ಟು ಸುತ್ತು ಹಾಕಿದ್ದಳು. ಕೆಲಸ ಕೆಟ್ಟಿದೆ ಎಂದು ಅದನ್ನು ತಿಪ್ಪೆಗೆ ಎಸೆದರು. ನಾನೂ ಅದನ್ನು ಕೈಯಲ್ಲಿ ಹಿಡಿದು ನೋಡಿದೆ, ಕೆಲಸ ಕೆಟ್ಟಿದೆ ಎಂದೇ ಅಂದುಕೊಂಡೆ.

ಅವಳ ಮೊದಲನೆಯ ಬಟ್ಟಲು ಬೋರಲಾದದ್ದು ಗಾಣದವನ ಮನೆಯಲ್ಲಿ. ಗಾಣಕ್ಕೆ ಸಿಕ್ಕಿ ಅವನ ಕೈ ಜಜ್ಜಿಹೋಗಿತ್ತು. ಗಟ್ಟಿಗ ಅವನು, ನೋವಿಗೆ ಹಲ್ಲು ಕಿರಿದುಕೊಂಡು ಕೂತಿದ್ದ. ನಾಚಿಕೊಂಡು ನಗುತ್ತಿದ್ದಾನೆ ಎಂದುಕೊಂಡು ಅವಳು ಎಲೆ ತಂದಿಟ್ಟಳು. ಅವನು ಇನ್ನೊಂದು ಕೈಯಿಂದ ಬಟ್ಟಲನ್ನು ಬೋರಲು ಹಾಕಿದ. ಆಮೇಲೆ ದಾರಿಯಲ್ಲಿ ಯಾರೋ ‘ಬೆರಳು ಮೂರು ಪುಡಿಯಾಗಿದೆ’ ಎಂದದ್ದು ಅವಳ ಕಿವಿಗೆ ಬಿತ್ತು. ಅಲ್ಲೇ ಕುಸಿದು ಕೂತಳು. ತನ್ನ ಕೈಗೆ ಬಟ್ಟೆ ಸುತ್ತಿಕೊಂಡು ಒಂದು ತಿಂಗಳು ಹಗ್ಗ ಮುಟ್ಟಲಿಲ್ಲ, ಕೈ ಮುಟ್ಟಿದರೆ ಚೀರುತ್ತಿದ್ದಳು. ಊರು ಇದನ್ನು ಅಣಕ ಎಂದು ತಿಳಿಯಿತು. ಎರಡನೆಯದು ಬಟ್ಟೆ ಒಗೆಯುವವಳ ಮನೆಯಲ್ಲಿ. ಸಿಟ್ಟಿನಲ್ಲಿದ್ದವಳ ಮುಂದೆ ನೀರು ಇಟ್ಟಳು. ಇನ್ನೊಂದಾದರೆ ಇವಳ ಕಥೆ ಮುಗಿಯಿತು ಎಂದು ಜನ ಎದುರುನೋಡತೊಡಗಿದರು. ಎದುರುನೋಡುವುದು ಎಂದರೆ ಅದು ಎಂಥ ಸಂತೋಷ ಅಂತೀರಿ.

ಎಲ್ಲರಿಗಿಂತ ಹೆಚ್ಚು ಎದುರುನೋಡಿದವರು ಊರಿನ ಹಿರಿಯರೊಬ್ಬರು, ಮುಖ ನೋಡುವ ದೊಡ್ಡವರು ಎಂದೇ ಅವರಿಗೆ ಹೆಸರು. ಅವರ ಬಟ್ಟಲು ಒಂದು ಸಲವೂ ಬೋರಲಾಗಿರಲಿಲ್ಲ. ಮುಖದ ಮೇಲೆ ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಯಾರಿಗೆ ಎಲ್ಲಿ ಹುಣ್ಣಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತು. ತಿಳಿದ ಮೇಲೆ ಬೇಕೆಂದಾಗ ಅಲ್ಲಿ ಬೆರಳಿಡುತ್ತಿದ್ದರು. ಗಾಣದವನು ಯಾವುದಕ್ಕೆ ಹೆದರುತ್ತಾನೆ, ಒಗೆಯುವವಳು ಯಾರ ಹೆಸರಿಗೆ ಕೆಂಪಾಗುತ್ತಾಳೆ, ಎಲ್ಲ ಅವರ ಅಂಗೈಯಲ್ಲಿತ್ತು. ಅವರ ಮಾತಿಗೆ ಊರಿನಲ್ಲಿ ಎದುರಾಡುವವರಿರಲಿಲ್ಲ. ಸಾವಿನ ಮನೆಗೆ ಬಂದು, ತಕ್ಕ ಬಟ್ಟಲನ್ನು ತಕ್ಕ ಜಾಗದಲ್ಲಿ ಇಟ್ಟು, ತಲೆ ತಗ್ಗಿಸಿ ನಿಂತು, ಮನೆಗೆ ಹೋಗಿ ಬಿಸಿ ಮುದ್ದೆ ಮುರಿಯುತ್ತಿದ್ದರು. ನಾವು ಅದಕ್ಕೆ ಸ್ಥಿತಪ್ರಜ್ಞತೆ ಎಂದು ಹೆಸರಿಟ್ಟಿದ್ದೆವು.

ಇನ್ನು ನನ್ನ ಸಂಗತಿ. ನನ್ನ ಗಂಡ ಮಣ್ಣಿನ ಗುಂಡಿ ಕುಸಿದು ಸತ್ತ. ಬೇಡ, ಮಳೆ ನಿಂತ ಮೇಲೆ ಇಳಿ ಎಂದು ನಾನು ಹೇಳಿದ್ದೆ. ಕೇಳಲಿಲ್ಲ. ನನ್ನ ಮುಂದೆ ನಲವತ್ತು ಬಟ್ಟಲು ನೀರು ಬಂತು. ಗಂಡ ಸತ್ತವಳ ಮುಖದಲ್ಲಿ ದುಃಖವಲ್ಲದೆ ಇನ್ನೇನಿರುತ್ತದೆ? ನನ್ನೊಳಗೆ ಇದ್ದದ್ದು ಸಿಟ್ಟು. ಕೈಗೂಸನ್ನು ನನ್ನ ಮಡಿಲಿಗೆ ಹಾಕಿ ಮೊಂಡುತನಕ್ಕೆ ಸತ್ತವನ ಮೇಲೆ ಕುದಿಯುವ ಸಿಟ್ಟು. ನಲವತ್ತು ಬಟ್ಟಲನ್ನೂ ಒಂದೊಂದಾಗಿ ಎತ್ತಿ ಹಣೆಗೆ ಮುಟ್ಟಿಸಿಕೊಂಡೆ. ದೊಡ್ಡವರು ಮಾತ್ರ ಆ ದಿನ ಉಪ್ಪು ತಂದಿಟ್ಟರು. ಅದನ್ನೂ ಎತ್ತಿಕೊಂಡೆ, ಅವರ ಕಣ್ಣಿಗೆ ನಡುಗಿದೆ.

ಎಲ್ಲರೂ ಹೋದ ಮೇಲೆ ಹಗ್ಗ ಹೊಸೆಯುವವಳು ಬರಿಗೈಯಲ್ಲಿ ಬಂದಳು. ಅಂಗಳದಲ್ಲಿ ನಿಂತು ನನ್ನ ಮೊಣಕೈ ನೋಡುತ್ತ ಮೆಲ್ಲಗೆ ಕೇಳಿದಳು.

“ಏನಾಯ್ತಕ್ಕ?”

ಕೆನ್ನೆಗೆ ಹೊಡೆದ ಹಾಗಾಯಿತು. ಅಂಥ ಮಾತನ್ನು ನನ್ನ ಜನ್ಮದಲ್ಲಿ ಯಾರೂ ನನ್ನ ಎದುರು ಆಡಿರಲಿಲ್ಲ.

“ಊರವರು ಕೇಳಿಸಿಕೊಂಡಾರು. ಹೋಗು” ಎಂದೆ.

“ನಿನ್ನ ಮುಖ ನಂಗೆ ಗೊತ್ತಾಗಲ್ಲ. ಗೊತ್ತಾಗದೆ ಬಟ್ಟಲು ಹೆಂಗೆ ತರಲಿ? ಅದಕ್ಕೇ ಕೇಳ್ದೆ.”

“ಸಿಟ್ಟು” ಎಂದೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. “ಸಿಟ್ಟು ಬಂದಿದೆ ನಂಗೆ. ಸತ್ತವನ ಮೇಲೆ.”

ಅವಳು ನೆಲಕ್ಕೆ ಕೂತು, ಹಿಂದೆ ಮುಂದೆ ತೂಗುತ್ತ ಅಳತೊಡಗಿದಳು. ಎಷ್ಟು ಅತ್ತಳೆಂದರೆ ನಾನೇ ಅವಳ ಬೆನ್ನು ಸವರಬೇಕಾಯಿತು. ಆ ದಿನದಿಂದ ಅವಳು ನನ್ನನ್ನು ಅಕ್ಕ ಎಂದಳು, ಮಾತು ಬಂದ ಮೇಲೆ ನನ್ನ ಮಗಳು ಅವಳನ್ನು ಚಿಕ್ಕಮ್ಮ ಎಂದಳು.

ಒಂದು ದಿನ ಅವಳೇ ಕೇಳಿದಳು. “ಅಕ್ಕ, ನೀನು ಮಣ್ಣಲ್ಲಿ ಮುಖ ಮಾಡಿಕೊಡು. ದುಃಖದ್ದು ಒಂದು, ಸಿಟ್ಟಿಂದೊಂದು, ಭಯದ್ದೊಂದು, ನಾಚಿಕೆದೊಂದು. ನಾನು ಕಲ್ತ್ಕೋತೀನಿ. ಹಗ್ಗ ಕಲಿತಿಲ್ವಾ, ಹಂಗೆ.” ಮಾಡಿಕೊಟ್ಟೆ. ಅಡಿಕೆ ಗಾತ್ರದ ನಾಲ್ಕು ಮುಖ. ಮುಖ ನೋಡುವುದನ್ನು ಹೀಗೆ ಕಲಿಸುವುದು ಊರಿನಲ್ಲಿ ದೊಡ್ಡ ತಪ್ಪು, ಅದು ಕರುಳಿನಿಂದ ಬರಬೇಕಂತೆ. ಗುಟ್ಟಾಗಿ ಮಾಡಿ, ಗುಟ್ಟಾಗಿ ಸುಟ್ಟು ಕೊಟ್ಟೆ. ಅವಳು ಅವನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಹೊತ್ತುಹೊತ್ತಿಗೆ ತೆಗೆದು ಬೆರಳಿನಿಂದ ತಡವಿ ನೋಡುತ್ತಿದ್ದಳು. ತುಟಿ ಕೆಳಗೆ, ದುಃಖ. ಹುಬ್ಬು ಒಳಗೆ, ಸಿಟ್ಟು. ಕಣ್ಣು ಅಗಲ, ಭಯ. ಗದ್ದ ಎದೆಗೆ, ನಾಚಿಕೆ. “ಮಣ್ಣಿನ ಮುಖ ಒಳ್ಳೇದಕ್ಕ, ನಿಂತಲ್ಲೇ ನಿಂತಿರುತ್ತೆ. ನಿಮ್ಮ ಮುಖಗಳು ಒಂದು ಗಳಿಗೆ ನಿಲ್ಲಲ್ಲ” ಎನ್ನುತ್ತಿದ್ದಳು.

ನನ್ನ ಮಗಳಿಗೆ ಆಗ ಆರು ವರ್ಷ ತುಂಬಿತ್ತು. ಊರೆಲ್ಲ ಹೊಗಳುವ ಮಗು. ಒಮ್ಮೆ ಕಲ್ಲಿನ ಮೇಲೆ ಬಿದ್ದು ಹಲ್ಲು ಮುರಿದುಕೊಂಡಾಗ ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದಳು. ರಕ್ತ ಗದ್ದಕ್ಕೆ ಇಳಿದ ಮೇಲೆಯೇ ನಮಗೆ ತಿಳಿದದ್ದು. ದೊಡ್ಡವರು ಅವಳ ತಲೆಯ ಮೇಲೆ ಕೈಯಿಟ್ಟು “ಇದು ನಮ್ಮೂರಿನ ಮಗು” ಎಂದಿದ್ದರು. ನಾನು ಹಿಗ್ಗಿದ್ದೆ. ಹಿಗ್ಗಿದ ಆ ಎದೆಯನ್ನು ಈಗ ಸೀಳಿ ಹಾಕಬೇಕು ಎನಿಸುತ್ತದೆ.

ಆ ದಿನ ಬೆಳಿಗ್ಗೆ ಹಗ್ಗ ಹೊಸೆಯುವವಳು ಮಣ್ಣು ಸೇದುವ ಹೊಸ ಹಗ್ಗ ತಂದಿದ್ದಳು. ನಾನು ತಿಗರಿಯ ಮುಂದೆ ಇದ್ದೆ. ಮಗು ಗುಂಡಿಯ ಕಡೆಯಿಂದ ಬಂದು ಗೋಡೆಗೆ ಒರಗಿ ಕೂತಿತ್ತು. ನಾನು ನೋಡಿದೆ. ಮುಖ ಶಾಂತವಾಗಿತ್ತು, ಬೆಳಗಿನ ಮುಖ. ಮತ್ತೆ ತಿಗರಿ ತಿರುಗಿಸಿದೆ. ಹಗ್ಗ ಹೊಸೆಯುವವಳು ಮುಖ ನೋಡುವವಳಲ್ಲವಲ್ಲ, ಕಾಲು ನೋಡಿದಳು. ಮಗು ಒಂದು ಕಾಲನ್ನು ಇನ್ನೊಂದರ ಕೆಳಗೆ ಬಚ್ಚಿಟ್ಟುಕೊಂಡಿತ್ತು. ಅವಳು ಹೋಗಿ ಮಗುವಿನ ಮುಂದೆ ಕೂತಳು.

“ಏನಾಯ್ತು ಮಗಾ? ಎಲ್ಲಿ ನೋಯ್ತಿದೆ?”

ತಿಗರಿ ನನ್ನ ಕೈಯಲ್ಲಿ ತಾನೇ ನಿಂತಿತು.

ಮಗು ನನ್ನನ್ನು ನೋಡಿತು, ಅವಳನ್ನು ನೋಡಿತು. ಹಿಮ್ಮಡಿಯ ಮೇಲೆ ಬೆರಳಿಟ್ಟು, “ಇಲ್ಲಿ” ಎಂದಿತು. “ಇಲ್ಲಿ ನೋಯ್ತಿದೆ ಚಿಕ್ಕಮ್ಮ. ಗುಂಡೀಲಿ ಏನೋ ಕಚ್ಚಿತು.”

ಹಗ್ಗ ಹೊಸೆಯುವವಳು ತನ್ನ ಹಿಮ್ಮಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂಗಿಕೊಂಡಳು. ಆ ಕೂಗಿಗೆ ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಬಂದರು. ಗಾಣದವನು ಬಂದ, ಒಗೆಯುವವಳು ಬಂದಳು, ಹಿಂದೆಯೇ ದೊಡ್ಡವರು ಬಂದರು.

“ಅಕ್ಕ, ಮಗೂಗೆ ಏನೋ ಕಚ್ಚಿದೆ. ಹಿಮ್ಮಡಿ ನೋಡಕ್ಕ. ಮದ್ದು ಕೊಡೋಳನ್ನ ಕರಿ” ಎಂದು ಅವಳು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದಳು.

ದೊಡ್ಡವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಮಗುವಿನ ಮುಖ ನೋಡಿ ತಿಳ್ಕೊಂಡ್ಯೋ, ಇಲ್ಲ ಬಾಯಲ್ಲಿ ಕೇಳಿದ್ಯೋ?” ಎಂದರು.

“ಕೇಳ್ದೆ.”

ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಬರುತ್ತಿರಲಿಲ್ಲ.

ಜನರ ನಡುವೆ ಗುಜುಗುಜು ಎದ್ದಿತು. ಕೇಳಿದಳಂತೆ. ಮಗು ಬಾಯಿಬಿಟ್ಟು ಹೇಳಿತಂತೆ. ಎಲ್ಲರೂ ಮಗುವಿನ ಕಡೆ ತಿರುಗಿದರು. ಅಷ್ಟು ಕಣ್ಣು ತನ್ನ ಮೇಲೆ ಬಿದ್ದದ್ದೇ ತಡ, ನನ್ನ ಮಗಳು ಕಲಿತದ್ದನ್ನು ಮಾಡಿದಳು. ಬೆನ್ನು ನೆಟ್ಟಗೆ ಮಾಡಿ, ತುಟಿ ಕೂಡಿಸಿ, ಶಾಂತವಾದ ಒಳ್ಳೆಯ ಮುಖ ಹಾಕಿಕೊಂಡು ಕೂತಳು. ಮಗು ಹೇಳಿಲ್ಲ, ಇವಳೇ ಕಟ್ಟಿ ಆಡುತ್ತಿದ್ದಾಳೆ ಎಂದು ಒಗೆಯುವವಳು ಅಂದಳು. ನಾನು ಅಲ್ಲವೆನ್ನಲಿಲ್ಲ. ಹಿಮ್ಮಡಿ ನೋಡಲೂ ಇಲ್ಲ. ನೋಡಲು ಬಗ್ಗಿದ್ದರೆ ನನ್ನ ಮಗು ನೋವನ್ನು ಬಾಯಿಬಿಟ್ಟು ಹೇಳಿದೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಒಂದು ಗೇಣು ಬಗ್ಗಿದ್ದರೆ ಸಾಕಿತ್ತು.

ದೊಡ್ಡವರು ಮಗುವಿನ ಮುಖವನ್ನು ಒಂದೇ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇವತ್ತು ನೋಡಬೇಕಾದ್ದು ತಾಯಿಯ ಮುಖ. ಕೇಳಿದವಳು ತಾಯಿಯ ಮುಂದೆ ಬಟ್ಟಲು ಇಡಲಿ. ಸರಿಯಾದ್ದನ್ನ ಇಟ್ಟರೆ ಕೇಳಿದ ತಪ್ಪು ಮನ್ನಾ.”

ಹಗ್ಗ ಹೊಸೆಯುವವಳು ಮೊದಲ ಬಾರಿಗೆ ನನ್ನ ಮುಖವನ್ನು ನೋಡಿದಳು. ಬಿಸಿಲಿಗೆ ಕಣ್ಣು ಕೊಟ್ಟವಳ ಹಾಗೆ ಕಣ್ಣಲ್ಲಿ ನೀರು ಬಂತು, ಆದರೂ ನೋಡಿದಳು. ಆಮೇಲೆ ಸೊಂಟದ ಚೀಲ ಬಿಚ್ಚಿ ಆ ನಾಲ್ಕು ಮಣ್ಣಿನ ಮುಖಗಳನ್ನು ತೆಗೆದು, ಎಲ್ಲರ ಎದುರಿಗೆ, ನನ್ನ ಮುಂದೆ ಸಾಲಾಗಿ ಇಟ್ಟಳು. ಒಂದನ್ನು ನೋಡುವಳು, ನನ್ನನ್ನು ನೋಡುವಳು. ಇನ್ನೊಂದನ್ನು ನೋಡುವಳು, ನನ್ನನ್ನು ನೋಡುವಳು.

“ಯಾವುದೂ ಕೂಡ್ತಿಲ್ಲಕ್ಕ.”

ಊರಿನಲ್ಲಿ ಮಣ್ಣು ಮುಟ್ಟುವವಳು ನಾನೊಬ್ಬಳೇ. ಆ ಮುಖಗಳು ಯಾರ ಕೈಯವು ಎಂದು ತಿಳಿಯಲು ಯಾರಿಗೂ ಏನೂ ಕಷ್ಟವಿರಲಿಲ್ಲ. ಆಗ ನನಗೆ ಬಂದದ್ದು ಭಯ. ಮಗುವಿಗಾಗಿ ಅಲ್ಲ, ನನಗಾಗಿ. ತರಬೇಕಾಗಿದ್ದದ್ದು ನೂಲು. ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಅದು ಕಾಣುತ್ತಿತ್ತು, ನನ್ನ ಮಗುವಿಗೂ ಕಾಣುತ್ತಿತ್ತು. ದೊಡ್ಡವರ ತುಟಿಯ ಮೂಲೆಯಲ್ಲಿ ಸಣ್ಣ ನಗು ಬಂತು.

ಹಗ್ಗ ಹೊಸೆಯುವವಳು ಎದ್ದು ಹೋಗಿ ಬಟ್ಟಲು ತಂದಿಟ್ಟಳು. ನೀರು.

“ನಿನ್ನ ಮುಖ ನಂಗೆ ಗೊತ್ತಾಗಲಿಲ್ಲ. ಮಗು ಹೇಳಿದ್ದು ಗೊತ್ತಾಯ್ತು. ಅದಕ್ಕೇ ನೀರು. ಹಿಮ್ಮಡಿ ನೋಡಕ್ಕ” ಎಂದಳು.

ನಾನು ಬಟ್ಟಲನ್ನು ಬೋರಲು ಹಾಕಿದೆ.

ನೀರು ನೆಲದ ಮೇಲೆ ಹರಿದು ಮಗುವಿನ ಕಾಲಿನವರೆಗೆ ಹೋಗಿ ಇಂಗಿತು. ದೊಡ್ಡವರು ಬಗ್ಗಿ ನಾಲ್ಕು ಮುಖಗಳನ್ನೂ ಆಯ್ದು ತಮ್ಮ ಚೀಲಕ್ಕೆ ಹಾಕಿಕೊಂಡರು. ಇನ್ನು ನಾನು ಬದುಕಿರುವವರೆಗೆ ಅವರು ಅಂದದ್ದಕ್ಕೆಲ್ಲ ಹೂಂಗುಟ್ಟಬೇಕಾದವಳು ಎಂಬುದು ಅವರಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು.

ತಮಟೆ ಬಡಿದರು. ತಮಟೆಗೆ ಅವಳು ಕಿವಿ ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಂಡೇ ನಡೆದಳು, ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ “ಹಿಮ್ಮಡಿ ನೋಡಕ್ಕ” ಎಂದಳು. ಬಾವಿಯ ಹತ್ತಿರ “ಹಿಮ್ಮಡಿ ನೋಡಕ್ಕ”. ಗಾಣದ ಹತ್ತಿರ “ಹಿಮ್ಮಡಿ ನೋಡಕ್ಕ”. ಎಲ್ಲೆಗಲ್ಲು ದಾಟಿಸಿ ಎಲ್ಲರೂ ಅವಳ ಬೆನ್ನಿಗೆ ಉಪ್ಪು ಎಸೆದರು. ನಾನೂ ಒಂದು ಹಿಡಿ ಎಸೆದೆ. ನನ್ನ ಹಿಡಿ ಉಳಿದವರದಕ್ಕಿಂತ ದೊಡ್ಡದಾಗಿತ್ತು, ಎಲ್ಲರೂ ನೋಡಲಿ ಎಂದು.

ಕೈ ತೊಳೆದುಕೊಂಡು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಮಗು ಗೋಡೆಗೆ ಒರಗಿ ಕೂತೇ ಇತ್ತು, ಮುಖವೂ ಹಾಗೆಯೇ ಇತ್ತು. ಊಟಕ್ಕೆ ಏಳು ಎಂದೆ. ಏಳಲು ಹೋಗಿ ಮಗ್ಗುಲಿಗೆ ಬಿತ್ತು. ಆಗ ನೋಡಿದೆ. ಹಿಮ್ಮಡಿಯಲ್ಲಿ ಎರಡು ಚುಕ್ಕೆ. ಮೊಣಕಾಲಿನವರೆಗೆ ಕಪ್ಪು. ಮದ್ದು ಕೊಡುವವಳು ಓಡಿಬಂದು, ಕಾಲು ಮುಟ್ಟಿ, ಕೈ ತೆಗೆದಳು. ಅವಳ ಸೆರಗಿನಲ್ಲಿ ವಿಷಕ್ಕೆ ಕೊಡುವ ಬೇರು ಇತ್ತು. ಬೆಳಿಗ್ಗೆಯೂ ಇತ್ತು.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೆ. ಕೇಳಬೇಕೆಂದುಕೊಂಡೆ. ಏನಾಯ್ತು ಕಂದ, ಎಷ್ಟು ನೋಯ್ತಿದೆ ಎಂದು ಕಿವಿಯಲ್ಲಿ ಕೇಳಬೇಕೆಂದು ಬಗ್ಗಿದೆ. ನನ್ನ ನಾಲಿಗೆಗೆ ಆ ಮಾತು ಬರಲಿಲ್ಲ. ಬರೀ ಮುಖ ನೋಡಿದೆ. ನನ್ನ ಮಗಳು ಕೊನೆಯ ಉಸಿರಿನವರೆಗೂ ಆ ಒಳ್ಳೆಯ ಮುಖವನ್ನು ಬಿಡಲಿಲ್ಲ.

ನಾನಿನ್ನೂ ಅತ್ತಿರಲಿಲ್ಲ. ಸುದ್ದಿ ಅಂಗಳ ದಾಟಿರಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ದೊಡ್ಡವರು ನಿಂತಿದ್ದರು, ಕೈಯಲ್ಲಿ ಬಟ್ಟಲು. ಅಂಚಿನವರೆಗೆ ನೀರು. ಅವರ ಮನೆ ಊರಿನ ಆ ತುದಿಗಿದೆ. ಅಲ್ಲಿಂದ ತುಂಬಿದ ಬಟ್ಟಲು ಚೆಲ್ಲದಂತೆ ಹಿಡಿದು ನಡೆದು ಬರಲು ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು, ಆ ಬಟ್ಟಲು ಮಾಡಿದವಳು ನಾನೇ ಅಲ್ಲವೇ. ಮಗುವಿನ ಉಸಿರು ನಿಲ್ಲುವ ಮೊದಲೇ ಅವರು ಮನೆ ಬಿಟ್ಟಿದ್ದರು.

ಬಟ್ಟಲನ್ನು ನನ್ನ ಮುಂದಿಟ್ಟು ಮೂರು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿ ನಿಂತರು. ಅವರ ಹಿಂದೆ ಒಬ್ಬೊಬ್ಬರಾಗಿ ಊರು ಬರತೊಡಗಿತ್ತು.

ಎಲ್ಲರಿಗೂ ಕೇಳುವಂತೆ ಕೇಳಿದೆ. “ಬೆಳಿಗ್ಗೆ ನನ್ನ ಮಗುವಿಗೆ ಏನಾಗಿತ್ತು?”

ಬರುತ್ತಿದ್ದವರು ಅಂಗಳದಲ್ಲೇ ನಿಂತುಬಿಟ್ಟರು.

“ವಿಷ ಏರ್ತಿತ್ತು” ಎಂದರು ದೊಡ್ಡವರು. ದನಿ ಮೆತ್ತಗಿತ್ತು. “ಕಣ್ಣಿನ ಕೆಳಗೆ ಕಾಣ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೋವನ್ನ ಬಾಯಲ್ಲಿ ಹೇಳೋ ಪದ್ಧತಿ ನಮ್ಮಲ್ಲಿಲ್ಲವಲ್ಲ ತಾಯಿ” ಎಂದರು. “ಹೊತ್ತಿಗೆ ಸರಿಯಾಗಿ ಬಟ್ಟಲು ತಂದಿದೀನಿ.”

ಅವರು ಎಂದು ಇಲ್ಲಿಯವರೆಗೆ ಹೇಳಿದೆ. ಇನ್ನು ಅವನು. ಅವನು ಸುಳ್ಳು ಹೇಳಲಿಲ್ಲ, ತಪ್ಪು ಬಟ್ಟಲು ತರಲಿಲ್ಲ, ಊರಿನ ಕಟ್ಟಳೆಯನ್ನು ಒಂದು ಕೂದಲೆಳೆಯಷ್ಟೂ ಮೀರಲಿಲ್ಲ. ನನ್ನ ಮಗುವಿನ ನೋವು ಅವನಿಗೆ ಗೊತ್ತಿತ್ತು. ಅದು ಅವನಿಗೆ ಎಲ್ಲೂ ನೋಯಲಿಲ್ಲ. ಯಾವ ಮುಖವೂ ಗೊತ್ತಾಗದವಳು ತನ್ನ ಹಿಮ್ಮಡಿ ಹಿಡಿದುಕೊಂಡು ಕೂಗಿಕೊಂಡಿದ್ದಳು. ಇವರಿಬ್ಬರಲ್ಲಿ ನಾವು ಕಲ್ಲೆದೆ ಎಂದು ಕರೆದದ್ದು ಯಾರನ್ನು, ನೀವೇ ನೋಡಿ.

ಅವನ ಬಟ್ಟಲನ್ನು ಬೋರಲು ಹಾಕಿದೆ. ಅವನ ಬಟ್ಟಲು ಬೋರಲಾಗುವುದನ್ನು ಊರು ಎಂದೂ ಕಂಡಿರಲಿಲ್ಲ. ಜನ ಎರಡು ಹೆಜ್ಜೆ ಹಿಂದಕ್ಕೆ ಹೋದರು.

“ನಂಗೆ ಬಂದಿರೋದು ಸಿಟ್ಟು” ಎಂದೆ. “ನಿನ್ನ ಮೇಲೆ, ಇವರೆಲ್ಲರ ಮೇಲೆ. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.”

ನೋವನ್ನೂ ಸಿಟ್ಟನ್ನೂ ಬಾಯಲ್ಲಿ ಆಡಿದವಳಿಗೆ ಮೂರು ಬಟ್ಟಲಿನ ಲೆಕ್ಕ ಬೇಕಿಲ್ಲ. ತಮಟೆಯವನು ಆಗಲೇ ತಮಟೆ ಕಾಯಿಸುತ್ತಿದ್ದ. ಮಗುವನ್ನು ನಾನು ಯಾರ ಕೈಗೂ ಕೊಡಲಿಲ್ಲ. ಹೆಗಲಿಗೆ ಹಾಕಿಕೊಂಡು ನಾನೇ ಮುಂದೆ ನಡೆದೆ. ಬಾವಿ ದಾಟಿದೆ, ಗಾಣ ದಾಟಿದೆ, ಎಲ್ಲೆಗಲ್ಲು ದಾಟಿದೆ. ಉಪ್ಪು ನನ್ನ ಬೆನ್ನಿಗೂ ಬಿತ್ತು, ಮಗುವಿನ ಬೆನ್ನಿಗೂ ಬಿತ್ತು. ಆ ಕೈಗಳೆಲ್ಲ ಈಗ ತೊಳೆದು ಒಣಗಿರುತ್ತವೆ.

ಬೇಲಿಯ ಆಚೆಗೂ ಕತ್ತಾಳೆ ಇದೆ. ಇಳಿಬಿಸಿಲಿನಲ್ಲಿ ಅದರ ಬುಡಕ್ಕೆ ಕೂತು ಹಗ್ಗ ಹೊಸೆಯುವವಳು ಹಗ್ಗ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಬಿದ್ದಿದ್ದ ಹೊಸ ಹಗ್ಗಕ್ಕೆ ನನ್ನ ಕಾಲು ತಾಗಿತು. ಅದು ಬಾಗಲಿಲ್ಲ. ಸಲಾಕೆಯಂತೆ ಗಡುಸಾಗಿತ್ತು. ಈ ಸಲ ನಾನು ಕೆಲಸ ಕೆಟ್ಟಿದೆ ಎಂದುಕೊಳ್ಳಲಿಲ್ಲ.

ಅವಳು ತಲೆಯೆತ್ತಲಿಲ್ಲ. ನನ್ನ ಪಾದ ನೋಡಿ ಗುರುತು ಹಿಡಿದಳು.

“ಹಿಮ್ಮಡಿ ನೋಡಿದ್ಯಾ ಅಕ್ಕ?”

ನಾನು ಮಗುವನ್ನು ಹೆಗಲಿನಿಂದ ಇಳಿಸಿ ತೋಳಿಗೆ ಹಾಕಿಕೊಂಡೆ.

“ಮಗು ಮಲಗಿದ್ಯಾ?”

ನನ್ನ ಮುಖದಲ್ಲಿ ಆಗ ಏನಿತ್ತೋ. ಅಂಗಳದ ತುಂಬ ಜನ ಇದ್ದಿದ್ದರೆ ಎಲ್ಲರೂ ಓದಿಕೊಂಡು ನೀರಿಗೆ ಓಡುತ್ತಿದ್ದರು. ಹುಟ್ಟಿದಂದಿನಿಂದ ಕಲಿತದ್ದು ಅದೊಂದೇ, ಮುಖ ತೋರಿಸಿಕೊಂಡು ನಿಲ್ಲುವುದು. ಹಾಗೆಯೇ ನಿಂತೆ. ಅವಳ ಕೈ ಹೊಸೆಯುತ್ತಲೇ ಇತ್ತು.

“ಏನಾಯ್ತಕ್ಕ?” ಎಂದಳು. “ಮುಖದಲ್ಲಿ ಹೇಳ್ಬೇಡ, ನಂಗೆ ಗೊತ್ತಾಗಲ್ಲ. ಬಾಯಲ್ಲಿ ಹೇಳು.”

ಬಾಯಿ ತೆರೆದೆ. ಸಿಟ್ಟಿಗೆ ಮಾತು ಸಿಕ್ಕಿತ್ತು, ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಯಾರೂ ಕಲಿಸಿರಲಿಲ್ಲ, ನಾನು ಯಾರಿಗೂ ಕಲಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಮಾತು, ಅದೂ ಆ ಬೆಳಿಗ್ಗೆ ನನ್ನ ಮಗಳ ಬಾಯಿಂದ ಕೇಳಿದ್ದು. ಮಗುವನ್ನು ಹಿಡಿದಿದ್ದ ಕೈಯನ್ನು ಎದೆಗೆ ಒತ್ತಿಕೊಂಡೆ.

“ಇಲ್ಲಿ” ಎಂದೆ. “ಇಲ್ಲಿ ನೋಯ್ತಿದೆ. ಮಗು ಹೋಯ್ತು.”

ಅವಳ ಕೈ ನಿಂತಿತು. ತಾಯಿ ಸತ್ತ ದಿನವೂ ನಿಲ್ಲದ ಕೈ ಅದು. ಹಗ್ಗ ಅವಳ ಬೆರಳಿನಿಂದ ಜಾರಿ ತಾನೇ ತಿರುಗಿ ತಿರುಗಿ ಬಿಚ್ಚಿಕೊಂಡಿತು. ಅವಳು ತನ್ನ ಎದೆಯನ್ನು, ನಾನು ಒತ್ತಿಕೊಂಡ ಜಾಗವನ್ನೇ, ಎರಡೂ ಕೈಯಿಂದ ಹಿಡಿದುಕೊಂಡು ಕೂಗಿದಳು. ನನ್ನಿಂದ ಹೊರಗೆ ಬರಲಾರದೆ ಉಳಿದಿದ್ದದ್ದೆಲ್ಲ ಆ ಕೂಗಿನಲ್ಲಿತ್ತು.

ಬೇಲಿಯ ಒಳಗೂ ಅದು ಕೇಳಿಸಿತಂತೆ. ಆಮೇಲೆ ನಮ್ಮ ಹಾಗೆಯೇ ಹೊರಬಿದ್ದು ಬಂದ ಮದ್ದು ಕೊಡುವವಳು ಹೇಳಿದಳು. ಊಟಕ್ಕೆ ಕೂತಿದ್ದವರೆಲ್ಲ ಎದ್ದು ಬಟ್ಟಲು ಹಿಡಿದು ಬೀದಿಗೆ ಬಂದರಂತೆ, ಅವನೂ ಬಂದನಂತೆ. ಮುಖ ಕಾಣಲಿಲ್ಲವಾದ್ದರಿಂದ ಏನು ತುಂಬಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ. ಕೂಗು ನಿಲ್ಲುವವರೆಗೆ ಖಾಲಿ ಬಟ್ಟಲು ಹಿಡಿದುಕೊಂಡು ನಿಂತಿದ್ದು, ಆಮೇಲೆ ಒಳಗೆ ಹೋಗಿ ಊಟ ಮುಗಿಸಿದರಂತೆ.